‘ಸಿನ್ಸ್ ಟೂ ಡೇಸ್’ ಯಾಕೆ ತಪ್ಪು? ಇಂಗ್ಲಿಷಿನ ‘ಸಿನ್ಸ್’ ಸರಿಯಾಗಿ ಬಳಸುವ ಕ್ರಮ, ಹಂತ ಹಂತವಾಗಿ

‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್.’

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ರಜೆ ಅರ್ಜಿ ಬರೆಯಿರಿ ಅಂದರೆ ಹೆಚ್ಚಿನವರ ಮೊದಲ ವಾಕ್ಯ ಇದೇ. ಬ್ಯಾಂಕ್ ಪರೀಕ್ಷೆಗೆ ಓದುವವರು, ಗಲ್ಫ್‌ಗೆ ಹೊರಟವರು, ಮಣಿಪಾಲದಲ್ಲಿ ರಿಸೆಪ್ಶನ್ ಕೆಲಸ ಮಾಡುವವರು, ಎಲ್ಲರದ್ದೂ ಒಂದೇ ಕತೆ. ತಿದ್ದಿ ಕೊಟ್ಟರೆ ಮರುದಿನ ಸರಿಯಾಗಿ ಬರೆಯುತ್ತಾರೆ. ಮುಂದಿನ ವಾರ ಮತ್ತೆ ‘ಸಿನ್ಸ್ ಟೂ ಡೇಸ್’.

ಇವರಿಗೆ ನಿಯಮ ಗೊತ್ತಿಲ್ಲ ಅಂತಲ್ಲ. ಕೇಳಿದರೆ ಬಾಯಿಪಾಠ ಒಪ್ಪಿಸುತ್ತಾರೆ. ಎಡವುವುದು ಕ್ರಮದಲ್ಲಿ. ಬಾಯಿಗೆ ಮೊದಲು ‘ಸಿನ್ಸ್’ ಬಂದುಬಿಡುತ್ತದೆ, ಆಮೇಲೆ ಅದರ ಹಿಂದೆ ಮುಂದೆ ಏನೋ ಜೋಡಿಸುತ್ತಾರೆ. ‘ಸಿನ್ಸ್’ ಬೇಕೋ ಬೇಡವೋ ಅನ್ನುವುದನ್ನು ಮೊದಲೇ ತೀರ್ಮಾನಿಸಬಾರದು. ಅದಕ್ಕೂ ಮುಂಚೆ ಮಾಡಬೇಕಾದ ಎರಡು ಕೆಲಸ ಇವೆ, ಆ ಎರಡೂ ಕನ್ನಡದಲ್ಲೇ ಆಗುವಂಥವು. ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿದರೂ ಹಳೆ ತಪ್ಪಿಗೇ ವಾಪಸ್ ಬರುತ್ತೀರಿ.

ಬೇಕಾಗುವ ಸಾಮಾನು

ಗೋಡೆಗೆ ತೂಗುಹಾಕುವ ಒಂದು ಕ್ಯಾಲೆಂಡರ್, ಮುಳ್ಳಿರುವ ಒಂದು ಗಡಿಯಾರ, ಒಂದು ನೋಟ್‌ಬುಕ್, ನೀಲಿ ಮತ್ತು ಕೆಂಪು ಪೆನ್ನು. ಮೊಬೈಲಿನ ಕ್ಯಾಲೆಂಡರ್ ಬೇಡ. ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ವಾಕ್ಯವನ್ನು ನೀಲಿಯಲ್ಲಿ ಬರೆಯಿರಿ, ಕ್ರಿಯಾಪದವನ್ನು ಮಾತ್ರ ಕೆಂಪಿನಲ್ಲಿ. ತಪ್ಪು ಅಡಗಿ ಕೂರುವುದು ಹೆಚ್ಚಾಗಿ ಆ ಕೆಂಪು ಭಾಗದಲ್ಲಿ.

ಹಂತ 1: ಕನ್ನಡ ವಾಕ್ಯ ಬರೆದು ‘ಇಂದ’ದ ಅಡಿಗೆ ಗೆರೆ ಎಳೆಯಿರಿ

ಇಂಗ್ಲಿಷನ್ನು ಸ್ವಲ್ಪ ಹೊತ್ತು ಬದಿಗಿಡಿ. ಹೇಳಬೇಕಾದ್ದನ್ನು ಕನ್ನಡದಲ್ಲಿ ಬರೆಯಿರಿ. ಈ ಐದು ವಾಕ್ಯ ನೋಡಿ:

ಎರಡು ದಿನದಿಂದ ಜ್ವರ.
ಸೋಮವಾರದಿಂದ ಜ್ವರ.
ನಾಳೆಯಿಂದ ರಜೆ.
ಮಂಗಳೂರಿನಿಂದ ಬಂದೆ.
ಜ್ವರ ಬಂದದ್ದರಿಂದ ರಜೆ ಹಾಕಿದೆ.

ಐದರಲ್ಲೂ ‘ಇಂದ’ ಉಂಟು. ಕನ್ನಡಕ್ಕೆ ಒಂದೇ ಸಾಕು, ಅರ್ಥ ನಮಗೆ ತಾನಾಗಿ ಗೊತ್ತಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಫಾರ್’, ಎರಡನೆಯದಕ್ಕೆ ‘ಸಿನ್ಸ್’, ಮೂರು ಮತ್ತು ನಾಲ್ಕನೆಯದಕ್ಕೆ ‘ಫ್ರಮ್’, ಐದನೆಯದಕ್ಕೆ ‘ಬಿಕಾಸ್’ ಬೇಕು. ನಮ್ಮ ಕಡೆ ಮನೆಯಲ್ಲಿ ತುಳು ಮಾತಾಡುವವರಿಗೂ ಇದೇ ಗೊಂದಲ, ‘ರಡ್ಡ್ ದಿನೊಡ್ದು’ ಅನ್ನುವುದರ ಬಾಲವೇ ಸೋಮವಾರಕ್ಕೂ ಅಂಟುತ್ತದೆ. ಕೊಂಕಣಿಯ ‘ಥಾವ್ನ್’ ಕೂಡ ಎರಡೂ ಕಡೆ ನಡೆಯುತ್ತದೆ. ಹಾಗಾಗಿ ‘ಸಿನ್ಸ್ ಟೂ ಡೇಸ್’ ಅನ್ನುವುದು ದಡ್ಡತನ ಅಲ್ಲ. ಮನೆಮಾತು ಕಲಿಸಿದ್ದನ್ನೇ ಇಂಗ್ಲಿಷಿಗೆ ತೊಡಿಸಿದ್ದು.

ಗೆರೆ ಎಳೆದ ‘ಇಂದ’ ಊರಿಗೆ, ಜಾಗಕ್ಕೆ, ಕಾರಣಕ್ಕೆ ಅಂಟಿದ್ದರೆ ಈ ಹಂತದಲ್ಲೇ ಪಕ್ಕಕ್ಕಿಡಿ. ಹೊತ್ತಿಗೆ ಅಂಟಿದ್ದನ್ನು ಮಾತ್ರ ಮುಂದಿನ ಹಂತಕ್ಕೆ ತೆಗೆದುಕೊಂಡು ಹೋಗಿ.

ಹಂತ 2: ಅದು ಈಗಲೂ ನಡೆಯುತ್ತಾ ಉಂಟಾ, ಕೇಳಿಕೊಳ್ಳಿ

ಹಿಂದೆ ಯಾವತ್ತೋ ಶುರುವಾಗಿ ಈ ಗಳಿಗೆಯವರೆಗೂ ಎಳೆದುಕೊಂಡು ಬಂದದ್ದಕ್ಕೆ ಮಾತ್ರ ‘ಸಿನ್ಸ್’ ಸಲ್ಲುತ್ತದೆ. ಶುರುವೇ ಆಗಿಲ್ಲದ್ದಕ್ಕೆ ಇಲ್ಲ. ‘ನಾಳೆಯಿಂದ ಕ್ಲಾಸ್ ಉಂಟು’ ಅನ್ನಲು ‘ಸಿನ್ಸ್ ಟುಮಾರೋ’ ಅಂತ ಬರೆದವರನ್ನು ನೋಡಿದ್ದೇನೆ. ಮುಂದೆ ಬರುವುದಕ್ಕೆಲ್ಲ ‘ಫ್ರಮ್’: ‘ದ ಕ್ಲಾಸಸ್ ವಿಲ್ ಸ್ಟಾರ್ಟ್ ಫ್ರಮ್ ಟುಮಾರೋ.’ ಇನ್ನೂ ಚಂದ ಬೇಕಿದ್ದರೆ ‘ವಿಲ್ ಸ್ಟಾರ್ಟ್ ಟುಮಾರೋ’ ಅಂದರೆ ಸಾಕು, ‘ಫ್ರಮ್’ ಕೂಡ ಬೇಡ.

ಮುಗಿದುಹೋದದ್ದಕ್ಕೂ ಹಾಗೆಯೇ. ನಮ್ಮದು ಬ್ಯಾಂಕುಗಳ ಊರು, ಹಾಗಾಗಿ ಬ್ಯಾಂಕಿನ ಉದಾಹರಣೆ ಕೊಡುತ್ತೇನೆ. ಕರ್ಣಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು, ಈಗಲೂ ಇದೆ. ಆದ್ದರಿಂದ ‘ಕರ್ಣಾಟಕ ಬ್ಯಾಂಕ್ ಹ್ಯಾಸ್ ಬೀನ್ ಇನ್ ಮಂಗಳೂರು ಸಿನ್ಸ್ 1924’ ಸರಿ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದಕ್ಕೆ ‘ಸಿನ್ಸ್ 1925’ ಅಂತ ಬರೆಯುವ ಹಾಗಿಲ್ಲ. ‘ಸಿಂಡಿಕೇಟ್ ಬ್ಯಾಂಕ್ ಎಕ್ಸಿಸ್ಟೆಡ್ ಫ್ರಮ್ 1925 ಟು 2020.’ ಎರಡು ಕೊನೆ ಗೊತ್ತಿರುವಲ್ಲಿ ‘ಫ್ರಮ್’ ಮತ್ತು ‘ಟು’. ಒಂದು ಕೊನೆ ಮಾತ್ರ ಗೊತ್ತಿದ್ದು ಇನ್ನೊಂದು ಕೊನೆ ಇವತ್ತೇ ಆಗಿದ್ದರೆ ‘ಸಿನ್ಸ್’.

ಹಂತ 3: ಕ್ಯಾಲೆಂಡರ್‌ನಲ್ಲಿ ಬೆರಳಿಟ್ಟು ತೋರಿಸಿ

ಇಡೀ ಕೆಲಸದ ಜೀವ ಇಲ್ಲಿದೆ. ‘ಇಂದ’ದ ಮೊದಲು ಇರುವ ಮಾತನ್ನು ತೆಗೆದುಕೊಳ್ಳಿ. ಎದ್ದು ಕ್ಯಾಲೆಂಡರ್ ಹತ್ತಿರ ಹೋಗಿ. ಅದನ್ನು ಒಂದು ಬೆರಳಿನಿಂದ ಮುಟ್ಟಿ ತೋರಿಸಲು ಆಗುತ್ತದೆಯೇ?

‘ಸೋಮವಾರ.’ ಮುಟ್ಟಬಹುದು. ‘ಜೂನ್ 1.’ ಮುಟ್ಟಬಹುದು. ‘ಏಳು ಗಂಟೆ.’ ಗಡಿಯಾರದಲ್ಲಿ ಮುಟ್ಟಬಹುದು. ಇವಕ್ಕೆ ‘ಸಿನ್ಸ್’.

‘ಎರಡು ದಿನ.’ ಬೆರಳು ಎಲ್ಲಿಡುತ್ತೀರಿ? ಯಾವ ಚೌಕದಲ್ಲೂ ‘ಎರಡು ದಿನ’ ಅಂತ ಅಚ್ಚಾಗಿಲ್ಲ. ಕ್ಯಾಲೆಂಡರಿನ ಮೇಲೆ ಎಲ್ಲಿ ಬೇಕಾದರೂ ಎರಡು ದಿನ ಇರಬಹುದು. ‘ಮೂರು ತಿಂಗಳು’, ‘ಹತ್ತು ವರ್ಷ’, ‘ತುಂಬಾ ಸಮಯ’ ಕೂಡ ಹೀಗೇ. ಇವೆಲ್ಲ ಅಳತೆಗಳು. ಅಳತೆಗೆ ‘ಫಾರ್’.

ಮೊಬೈಲ್ ಬೇಡ ಅಂದದ್ದು ಇದಕ್ಕೇ. ಎದ್ದು ಹೋಗಿ ಗೋಡೆಯಲ್ಲಿ ಬೆರಳಿಟ್ಟು ಹುಡುಕುವಾಗ ‘ಎರಡು ದಿನ’ಕ್ಕೆ ಜಾಗ ಸಿಗದೆ ಕೈ ಗಾಳಿಯಲ್ಲಿ ನಿಲ್ಲುತ್ತದಲ್ಲ, ಆ ನಿಲ್ಲುವಿಕೆ ನೆನಪಿನಲ್ಲಿ ಉಳಿಯುತ್ತದೆ. ಒಂದು ವಾರ ಹೀಗೆ ಮಾಡಿದವರಿಗೆ ಆಮೇಲೆ ಕ್ಯಾಲೆಂಡರ್ ಬೇಕಾಗುವುದಿಲ್ಲ.

ಕೈ ಹತ್ತಿರ ಕ್ಯಾಲೆಂಡರ್ ಇಲ್ಲದಾಗ ಕನ್ನಡದ ಎರಡು ಪ್ರಶ್ನೆಗಳಿಂದಲೂ ಪರೀಕ್ಷೆ ಆಗುತ್ತದೆ. ‘ಯಾವಾಗಿನಿಂದ?’ ಅಂತ ಕೇಳಿದರೆ ಉತ್ತರ ಸರಿಹೊಂದುತ್ತದೋ, ‘ಎಷ್ಟು ಸಮಯದಿಂದ?’ ಅಂತ ಕೇಳಿದರೆ ಸರಿಹೊಂದುತ್ತದೋ? ‘ಯಾವಾಗಿನಿಂದ? ಸೋಮವಾರದಿಂದ.’ ಇದು ‘ಸಿನ್ಸ್’. ‘ಎಷ್ಟು ಸಮಯದಿಂದ? ಎರಡು ದಿನದಿಂದ.’ ಇದು ‘ಫಾರ್’. ನಮ್ಮ ಭಾಷೆಗೆ ಈ ವ್ಯತ್ಯಾಸ ಗೊತ್ತಿದೆ. ಅದು ಉತ್ತರದಲ್ಲಿ ಕಾಣದೆ ಪ್ರಶ್ನೆಯಲ್ಲಿ ಮಾತ್ರ ಕಾಣುತ್ತದೆ, ಅಷ್ಟೇ.

ಮಲ್ಪೆಯಿಂದ ಬರುವ ಒಬ್ಬ ಹುಡುಗ ಇದನ್ನು ನನಗಿಂತ ಚೆನ್ನಾಗಿ ಹೇಳಿದ. ‘ಮೇಡಂ, ಸಿನ್ಸ್ ಅಂದ್ರೆ ದಕ್ಕೆಯಲ್ಲಿ ಬೋಟಿನ ಹಗ್ಗ ಕಟ್ಟುವ ಕಂಬ. ಫಾರ್ ಅಂದ್ರೆ ಹಗ್ಗ ಎಷ್ಟು ಉದ್ದ ಉಂಟು ಅಂತ.’ ಅವತ್ತಿನಿಂದ ಬೋರ್ಡಿನ ಮೇಲೆ ಒಂದು ಕಂಬ, ಒಂದು ಹಗ್ಗ, ಒಂದು ಬೋಟು ಬರೆದೇ ಪಾಠ ಶುರು ಮಾಡುತ್ತೇನೆ. ಕಂಬ ಶುರುವಾದ ದಿನ, ಬೋಟು ಇವತ್ತು.

ಇದು ಬರೀ ವ್ಯಾಕರಣದ ಮಾತಲ್ಲ. ನನ್ನ ಒಬ್ಬಳು ವಿದ್ಯಾರ್ಥಿನಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿದ್ದ ಡಾಕ್ಟರ್ ಹೊರರಾಜ್ಯದವರು, ಕನ್ನಡ ಬರುವುದಿಲ್ಲ. ಹೊಟ್ಟೆನೋವು ಎಷ್ಟು ಸಮಯದಿಂದ ಅಂತ ಕೇಳಿದಾಗ ಇವಳು ಗಡಿಬಿಡಿಯಲ್ಲಿ ‘ಸಿನ್ಸ್ ತ್ರೀ’ ಅಂದಳು. ಡಾಕ್ಟರ್ ಗಡಿಯಾರ ನೋಡಿದರು. ಅವರ ಲೆಕ್ಕದಲ್ಲಿ ನೋವು ಮಧ್ಯಾಹ್ನ ಮೂರು ಗಂಟೆಗೆ ಶುರುವಾದದ್ದು. ಇವಳು ಹೇಳಿದ್ದು ಮೂರು ದಿನ. ನಾಲ್ಕೈದು ಪ್ರಶ್ನೆ ಆದಮೇಲೆ ವಿಷಯ ಸರಿಯಾಯಿತು. ‘ಫಾರ್ ತ್ರೀ ಡೇಸ್’ ಅಂದಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು.

ಹಂತ 4: ಈಗ ಕ್ರಿಯಾಪದಕ್ಕೆ ಬನ್ನಿ, ಕೆಂಪು ಪೆನ್ನು ತೆಗೆಯಿರಿ

‘ಸಿನ್ಸ್ ಮಂಡೇ’ ಅಂತ ಸರಿಯಾಗಿ ಆರಿಸಿದವರೂ ಇಲ್ಲಿ ಬೀಳುತ್ತಾರೆ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2019.’ ಕನ್ನಡದಲ್ಲಿ ‘2019ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಅನ್ನುತ್ತೇವೆ. ‘ಮಾಡುತ್ತಿದ್ದೇನೆ’ ಅಂದರೆ ‘ಆಮ್ ಡೂಯಿಂಗ್’ ಅಂತ ಶಾಲೆಯಲ್ಲಿ ಕಲಿತಿದ್ದೇವೆ, ಹಾಗೇ ಹಾಕುತ್ತೇವೆ. ಆದರೆ ‘ಆಮ್ ವರ್ಕಿಂಗ್’ ತೋರಿಸುವುದು ಈ ಹೊತ್ತನ್ನು ಮಾತ್ರ. 2019ರ ಕಂಬಕ್ಕೂ ಇವತ್ತಿನ ಬೋಟಿಗೂ ನಡುವೆ ಹಗ್ಗ ಬೇಕಲ್ವಾ? ಆ ಹಗ್ಗ ‘ಹ್ಯಾವ್’ ಅಥವಾ ‘ಹ್ಯಾಸ್’.

ಹಾಗಾಗಿ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019.’ ‘ಫಾರ್’ ಬಂದರೂ ಇದೇ ಕ್ರಿಯಾಪದ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.’ ಕೆಂಪು ಅಕ್ಷರದಲ್ಲಿ ‘ಆಮ್’, ‘ಈಸ್’, ‘ಆರ್’ ಒಂಟಿಯಾಗಿ ಕಂಡು, ಅದೇ ವಾಕ್ಯದ ಕೊನೆಯಲ್ಲಿ ‘ಸಿನ್ಸ್’ ಕಂಡರೆ ಅಲ್ಲಿಗೇ ನಿಲ್ಲಿ. ಅದು ತಪ್ಪು ಅಂತ ಹತ್ತಿರ ಹತ್ತಿರ ಖಚಿತ.

ಇದರಲ್ಲೇ ಒಂದು ಚಿಕ್ಕ ಹೊಂಡ ಉಂಟು. ಎಲ್ಲ ಕ್ರಿಯಾಪದಕ್ಕೂ ‘ಬೀನ್’ ಮತ್ತು ‘ಇಂಗ್’ ಹಾಕಲು ಬರುವುದಿಲ್ಲ. ಗೊತ್ತಿರುವುದು, ಇರುವುದು, ಹೊಂದಿರುವುದು, ಇಷ್ಟವಾಗುವುದು ಇವೆಲ್ಲ ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ‘ಐ ಹ್ಯಾವ್ ಬೀನ್ ನೋಯಿಂಗ್ ಹಿಮ್’ ಅನ್ನುವುದಿಲ್ಲ. ‘ಐ ಹ್ಯಾವ್ ನೋನ್ ಹಿಮ್ ಸಿನ್ಸ್ ಚೈಲ್ಡ್‌ಹುಡ್’ ಅನ್ನಬೇಕು. ‘ವಿ ಹ್ಯಾವ್ ಓನ್ಡ್ ದಿಸ್ ಲ್ಯಾಂಡ್ ಸಿನ್ಸ್ 1985.’ ‘ಐ ಹ್ಯಾವ್ ಹ್ಯಾಡ್ ಫೀವರ್ ಸಿನ್ಸ್ ಮಂಡೇ.’ ‘ಹ್ಯಾವ್’ ಮತ್ತು ‘ಹ್ಯಾಡ್’ ಒಟ್ಟಿಗೆ ನೋಡಿ ಹೆದರಬೇಡಿ. ಮೊದಲನೆಯದು ಹಗ್ಗ, ಎರಡನೆಯದು ಜ್ವರ ಇರುವುದು. ನೋಡಲು ವಿಚಿತ್ರ, ಆದರೆ ಪೂರ್ತಿ ಸರಿ. ಇದನ್ನು ನಾಲ್ಕು ಸಲ ಜೋರಾಗಿ ಹೇಳಿ, ಅಭ್ಯಾಸ ಆಗುತ್ತದೆ.

ಊರಿನ ವಿಷಯಗಳಿಗೆ ಹಾಕಿ ನೋಡಿ. ‘ಉಡುಪಿ ಹ್ಯಾಸ್ ಬೀನ್ ಎ ಸೆಪರೇಟ್ ಡಿಸ್ಟ್ರಿಕ್ಟ್ ಸಿನ್ಸ್ 1997.’ ‘ದ ಸಿಟಿ ಹ್ಯಾಸ್ ಆಫಿಷಿಯಲಿ ಬೀನ್ ಮಂಗಳೂರು, ನಾಟ್ ಮ್ಯಾಂಗಲೋರ್, ಸಿನ್ಸ್ ನವೆಂಬರ್ 1, 2014.’ ‘ಟ್ರೇನ್ಸ್ ಹ್ಯಾವ್ ಬೀನ್ ರನ್ನಿಂಗ್ ಆನ್ ದ ಹೋಲ್ ಕೊಂಕಣ್ ಲೈನ್ ಸಿನ್ಸ್ 1998.’ ಗೊತ್ತಿರುವ ಸಂಗತಿಯ ಮೇಲೆ ಅಭ್ಯಾಸ ಮಾಡಿದರೆ ತಲೆ ಕ್ರಿಯಾಪದದ ಕಡೆ ಮಾತ್ರ ಓಡುತ್ತದೆ.

ಎಷ್ಟು ಸಲ ಅಂತ ಲೆಕ್ಕ ಹೇಳುವಾಗಲೂ ‘ಇಂಗ್’ ಬೇಡ. ‘ಜನವರಿಯಿಂದ ಎರಡು ಸಲ ಬೆಂಗಳೂರಿಗೆ ಹೋಗಿದ್ದೇನೆ’: ‘ಐ ಹ್ಯಾವ್ ಬೀನ್ ಟು ಬೆಂಗಳೂರು ಟ್ವೈಸ್ ಸಿನ್ಸ್ ಜನವರಿ.’

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ಕಾಪು ಕಡೆಯ ಒಬ್ಬ ಯುವಕ ದುಬೈಯ ಹೋಟೆಲ್ ಕೆಲಸಕ್ಕೆ ಫೋನಿನಲ್ಲಿ ಸಂದರ್ಶನ ಕೊಟ್ಟ. ಇಲ್ಲಿನ ಹೋಟೆಲಿನಲ್ಲಿ ಮೂರು ವರ್ಷದಿಂದ ಇದ್ದಾನೆ, ಈಗಲೂ ಇದ್ದಾನೆ. ಅವನು ಹೇಳಿದ್ದು ‘ಐ ವರ್ಕ್ಡ್ ಇನ್ ಎ ಹೋಟೆಲ್ ಫಾರ್ ತ್ರೀ ಇಯರ್ಸ್.’ ‘ಫಾರ್’ ಸರಿಯಾಗಿಯೇ ಇದೆ. ಆಚೆಯವರು ಕೂಡಲೇ ‘ಯಾಕೆ ಕೆಲಸ ಬಿಟ್ಟಿರಿ?’ ಅಂತ ಕೇಳಿದರು. ಬಿಟ್ಟೇ ಇಲ್ಲವಲ್ಲ! ಅವನು ತಡವರಿಸಿದ. ‘ವರ್ಕ್ಡ್’ ಅಂದರೆ ಮುಗಿದದ್ದು, ಹಗ್ಗ ಬಿಚ್ಚಿ ಆಗಿದೆ. ‘ಹ್ಯಾವ್ ಬೀನ್ ವರ್ಕಿಂಗ್’ ಅಂದರೆ ಇನ್ನೂ ಕಟ್ಟಿದೆ. ‘ಫಾರ್’ ಎರಡೂ ಕಡೆ ಬರುವುದರಿಂದ ಆಚೆಯವರು ತಿಳಿದುಕೊಳ್ಳುವುದು ಕ್ರಿಯಾಪದದಿಂದಲೇ. ಬಯೊಡೇಟಾ ಬರೆಯುವಾಗ ಹಳೆ ಕೆಲಸ, ಈಗಿನ ಕೆಲಸ ಎರಡನ್ನೂ ಈ ಕಣ್ಣಿನಿಂದ ಒಮ್ಮೆ ನೋಡಿಬಿಡಿ.

‘ಸಿನ್ಸ್’ ಜೊತೆಗಂತೂ ಬರೀ ಭೂತಕಾಲ ಬೇಡವೇ ಬೇಡ. ‘ಐ ಲಿವ್ಡ್ ಇನ್ ಕುಂದಾಪುರ ಸಿನ್ಸ್ 2010’ ಯಾವ ಅರ್ಥಕ್ಕೂ ನಿಲ್ಲುವುದಿಲ್ಲ.

ಇಡೀ ಕತೆ ಹಿಂದೆ ನಡೆದದ್ದಾದರೆ ‘ಹ್ಯಾವ್’ ಹೋಗಿ ‘ಹ್ಯಾಡ್’ ಬರುತ್ತದೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಒಟ್ಟು 61 ದಿನ. ಜೂನ್ 20ಕ್ಕೆ ನಿಂತು ಹೇಳಿದರೆ ‘ದ ಬೋಟ್ಸ್ ಹ್ಯಾವ್ ಬೀನ್ ಇನ್ ದ ಹಾರ್ಬರ್ ಸಿನ್ಸ್ ಜೂನ್ 1.’ ಅದೇ ಮಾತನ್ನು ಡಿಸೆಂಬರಿನಲ್ಲಿ ನೆನಪಿಸಿಕೊಂಡು ಹೇಳಿದರೆ ‘ವೆನ್ ದ ಬೋಟ್ಸ್ ವೆಂಟ್ ಔಟ್ ಇನ್ ಆಗಸ್ಟ್, ದೇ ಹ್ಯಾಡ್ ಬೀನ್ ಇನ್ ದ ಹಾರ್ಬರ್ ಸಿನ್ಸ್ ಜೂನ್ 1.’ ಕಂಬ ಅದೇ. ನಾವು ನಿಂತು ನೋಡುವ ಜಾಗ ಬದಲಾಯಿತು. ನಿಷೇಧದ ಬಗ್ಗೆಯೇ ಹೇಳುವುದಾದರೆ ಎರಡೂ ಕೊನೆ ಗೊತ್ತು, ಆದ್ದರಿಂದ ‘ಫ್ರಮ್ ಜೂನ್ 1 ಟು ಜುಲೈ 31’.

ಹಂತ 5: ‘ಸಿನ್ಸ್’ ನಂತರ ಇನ್ನೊಂದು ವಾಕ್ಯ ಬಂದರೆ

ಕೆಲವೊಮ್ಮೆ ಶುರುವಾದ ದಿನಕ್ಕೆ ತಾರೀಕು ಇರುವುದಿಲ್ಲ, ಒಂದು ಘಟನೆ ಇರುತ್ತದೆ. ‘ನಾನು ಕೆಲಸಕ್ಕೆ ಸೇರಿದಾಗಿನಿಂದ’, ‘ಅಣ್ಣ ಮುಂಬೈಗೆ ಹೋದಾಗಿನಿಂದ’. ಇಲ್ಲಿ ‘ಆಗಿನಿಂದ’ ಅನ್ನುವ ಬಾಲ ಕಂಡರೆ ‘ಸಿನ್ಸ್’ ಹಾಕಲು ಯೋಚಿಸುವುದೇ ಬೇಡ.

ಘಟನೆ ಒಮ್ಮೆ ನಡೆದು ಮುಗಿದದ್ದು, ಆದ್ದರಿಂದ ಅದರ ಕ್ರಿಯಾಪದ ಭೂತಕಾಲ. ಆಚೆ ಕಡೆಯ ವಾಕ್ಯಕ್ಕೆ ‘ಹ್ಯಾವ್’ ಇದ್ದೇ ಇರುತ್ತದೆ. ‘ಐ ಹ್ಯಾವ್ ಬೀನ್ ಹ್ಯಾಪಿ ಸಿನ್ಸ್ ಐ ಜಾಯಿನ್ಡ್ ಹಿಯರ್.’ ‘ಮದರ್ ಹ್ಯಾಸ್ ಬೀನ್ ಅಲೋನ್ ಸಿನ್ಸ್ ಮೈ ಬ್ರದರ್ ವೆಂಟ್ ಟು ಮುಂಬೈ.’ ಎರಡೂ ಕಡೆ ‘ಹ್ಯಾವ್’ ತುರುಕಿ ‘ಸಿನ್ಸ್ ಐ ಹ್ಯಾವ್ ಜಾಯಿನ್ಡ್’ ಅಂತ ಬರೆಯುವುದು ಆಫೀಸಿನ ಪತ್ರಗಳಲ್ಲಿ ಜಾಸ್ತಿ. ಸೇರಿದ್ದು ಒಂದೇ ದಿನ. ಅದಕ್ಕೆ ಹಗ್ಗ ಬೇಡ, ಅದೇ ಕಂಬ.

ಒಂದು ವಿಶೇಷ ರಚನೆ ಮಾತ್ರ ಬೇರೆಯೇ ಕಲಿಯಬೇಕು. ‘ನಾನು ಊರು ಬಿಟ್ಟು ಹತ್ತು ವರ್ಷ ಆಯಿತು.’ ಇದಕ್ಕೆ ‘ಇಟ್ ಹ್ಯಾಸ್ ಬೀನ್ ಟೆನ್ ಇಯರ್ಸ್ ಸಿನ್ಸ್ ಐ ಲೆಫ್ಟ್ ಹೋಮ್.’ ಇಲ್ಲಿ ‘ಟೆನ್ ಇಯರ್ಸ್’ ಮತ್ತು ‘ಸಿನ್ಸ್’ ಪಕ್ಕಪಕ್ಕ ಇವೆ ಅಂತ ಗಾಬರಿ ಬೇಡ. ಬೆರಳಿನ ಪರೀಕ್ಷೆ ‘ಸಿನ್ಸ್’ನ ನಂತರ ಏನಿದೆಯೋ ಅದಕ್ಕೆ ಮಾತ್ರ. ನಂತರ ಇರುವುದು ಊರು ಬಿಟ್ಟ ದಿನ, ಅದನ್ನು ಮುಟ್ಟಬಹುದು.

ಹಂತ 6: ‘ಇಲ್ಲ’ ಅನ್ನುವಾಗ, ಪ್ರಶ್ನೆ ಕೇಳುವಾಗ

‘ಇಲ್ಲ’ ಅನ್ನುವ ವಾಕ್ಯದಲ್ಲಿ ಕನ್ನಡವೇ ಸಹಾಯ ಮಾಡುತ್ತದೆ. ‘ಸೋಮವಾರದಿಂದ ನಳ್ಳಿಯಲ್ಲಿ ನೀರು ಬಂದಿಲ್ಲ.’ ‘ಬಂದಿಲ್ಲ’ ಅನ್ನುವುದು ‘ಹ್ಯಾಸ್ ನಾಟ್ ಕಮ್’ಗೆ ಸರಿಯಾಗಿ ಹೊಂದುತ್ತದೆ: ‘ದ ವಾಟರ್ ಹ್ಯಾಸ್ ನಾಟ್ ಕಮ್ ಸಿನ್ಸ್ ಮಂಡೇ.’ ಅದೇ ನೀವು ಮನಸ್ಸಿನಲ್ಲಿ ‘ನೀರು ಬರ್ತಾ ಇಲ್ಲ’ ಅಂದುಕೊಂಡರೆ ‘ಈಸ್ ನಾಟ್ ಕಮಿಂಗ್’ ಹೊರಗೆ ಬಂದು ತಪ್ಪಾಗುತ್ತದೆ. ಆದ್ದರಿಂದ ಇಂಥ ಕಡೆ ಕನ್ನಡ ವಾಕ್ಯವನ್ನು ಮೊದಲು ‘ಬಂದಿಲ್ಲ, ಮಾಡಿಲ್ಲ, ನೋಡಿಲ್ಲ’ ರೂಪಕ್ಕೆ ತಿರುಗಿಸಿಕೊಳ್ಳಿ.

ಪ್ರಶ್ನೆಗೆ ‘ಹೌ ಲಾಂಗ್’ ಬಳಸಿ. ‘ಹೌ ಲಾಂಗ್ ಹ್ಯಾವ್ ಯು ಬೀನ್ ಇನ್ ಉಡುಪಿ?’ ಉತ್ತರದಲ್ಲಿ ‘ಸಿನ್ಸ್’ ಬರಲಿ, ‘ಫಾರ್’ ಬರಲಿ, ಎರಡಕ್ಕೂ ಈ ಪ್ರಶ್ನೆ ನಡೆಯುತ್ತದೆ. ‘ಸಿನ್ಸ್ ವೆನ್’ ಅಂತ ಶುರುಮಾಡುವುದು ವ್ಯಾಕರಣದಲ್ಲಿ ತಪ್ಪಲ್ಲ, ಆದರೆ ದನಿಯಲ್ಲಿ ಅಪಾಯ ಉಂಟು. ‘ನೀನು ಯಾವಾಗಿಂದ ಇಷ್ಟು ದೊಡ್ಡ ಮನುಷ್ಯ ಆದದ್ದು?’ ಅಂತ ನಾವು ಕುಟುಕುವುದಿಲ್ಲವೇ, ಅದೇ ಕುಟುಕು ‘ಸಿನ್ಸ್ ವೆನ್’ನಲ್ಲೂ ಕೇಳಿಸಬಹುದು. ಮೇಲಧಿಕಾರಿಗೆ, ಗಿರಾಕಿಗೆ, ಹೊಸಬರಿಗೆ ‘ಹೌ ಲಾಂಗ್’ ಮಾತ್ರ.

ಕಾರಣ ಹೇಳುವ ‘ಸಿನ್ಸ್’

ಒಂದನೇ ಹಂತದಲ್ಲಿ ಪಕ್ಕಕ್ಕಿಟ್ಟ ಕಾರಣದ ‘ಇಂದ’ಕ್ಕೆ ‘ಬಿಕಾಸ್’ ಸಾಕು ಅಂದಿದ್ದೆ. ‘ಸಿನ್ಸ್’ಗೂ ಆ ಅರ್ಥ ಉಂಟು. ‘ಸಿನ್ಸ್ ಇಟ್ ವಾಸ್ ರೇನಿಂಗ್ ಹೆವಿಲಿ, ದ ಸ್ಕೂಲ್ಸ್ ವರ್ ಕ್ಲೋಸ್ಡ್.’ ಜೋರು ಮಳೆ ಇದ್ದದ್ದರಿಂದ ಶಾಲೆಗಳಿಗೆ ರಜೆ. ಇದಕ್ಕೆ ಕಂಬ, ಹಗ್ಗ ಯಾವುದೂ ಬೇಡ, ‘ಹ್ಯಾವ್’ ಕೂಡ ಬೇಕಂತಿಲ್ಲ. ಓದುವಾಗ ಗುರುತಿಸಿದರೆ ಸಾಕು. ಬರೆಯುವಾಗ ಸಮಯದ ‘ಸಿನ್ಸ್’ ಕೈಗೆ ಕುಳಿತುಕೊಳ್ಳುವವರೆಗೆ ಕಾರಣಕ್ಕೆ ‘ಬಿಕಾಸ್’ ಅನ್ನೇ ಬಳಸಿ ಅನ್ನುವುದು ನನ್ನ ಸಲಹೆ. ಎರಡನ್ನೂ ಒಟ್ಟಿಗೆ ಕಲಿಯಲು ಹೊರಟವರು ಎರಡನ್ನೂ ಕಲಸಿಕೊಳ್ಳುತ್ತಾರೆ.

ಅಪಾಯದ ಸೂಚನೆಗಳು

ಬರೆದದ್ದನ್ನು ಕಳಿಸುವ ಮೊದಲು ‘ಸಿನ್ಸ್’ನ ನಂತರದ ಮೂರು ನಾಲ್ಕು ಪದಗಳ ಮೇಲೆ ಕಣ್ಣಾಡಿಸಿ. ಕೆಳಗಿನವು ಕಂಡರೆ ಪೆನ್ನು ನಿಲ್ಲಿಸಿ.

ಲಾಸ್ಟ್. ಇದರಷ್ಟು ಮೋಸ ಮಾಡುವ ಪದ ಬೇರೆ ಇಲ್ಲ. ‘ಸಿನ್ಸ್ ಲಾಸ್ಟ್ ಮಂಡೇ’, ‘ಸಿನ್ಸ್ ಲಾಸ್ಟ್ ಇಯರ್’ ಎರಡೂ ಸರಿ, ಯಾಕೆಂದರೆ ಕಳೆದ ಸೋಮವಾರ, ಕಳೆದ ವರ್ಷ ಎಲ್ಲಿದೆ ಅಂತ ತೋರಿಸಬಹುದು. ‘ಸಿನ್ಸ್ ಲಾಸ್ಟ್ ಟೂ ಇಯರ್ಸ್’ ತಪ್ಪು. ‘ಫ್ರಮ್ ಲಾಸ್ಟ್ ಟೂ ಇಯರ್ಸ್’ ಕೂಡ ತಪ್ಪು, ಅದು ನಮ್ಮ ಕಡೆಯ ಅರ್ಜಿಗಳಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಸರಿಯಾದದ್ದು ‘ಫಾರ್ ದ ಲಾಸ್ಟ್ ಟೂ ಇಯರ್ಸ್’. ‘ಲಾಸ್ಟ್’ ಆದಮೇಲೆ ಎರಡು, ಮೂರು, ಹತ್ತು ಅಂತ ಸಂಖ್ಯೆ ಬಂದರೆ ‘ಸಿನ್ಸ್’ ಹೊಡೆದುಹಾಕಿ. ಮಧ್ಯದ ‘ದ’ ಮರೆಯಬೇಡಿ.

ಕೊನೆಯ ‘ಸ್’. ‘ಡೇಸ್’, ‘ವೀಕ್ಸ್’, ‘ಮಂತ್ಸ್’, ‘ಇಯರ್ಸ್’ ಹೀಗೆ ಬಹುವಚನ ಬಂದರೆ ಅದು ಅಳತೆ ಇರುವ ಸಾಧ್ಯತೆಯೇ ಹೆಚ್ಚು.

ಲಾಂಗ್. ‘ಸಿನ್ಸ್ ಲಾಂಗ್’, ‘ಸಿನ್ಸ್ ಲಾಂಗ್ ಟೈಮ್’ ಎರಡೂ ಬೇಡ. ‘ಫಾರ್ ಎ ಲಾಂಗ್ ಟೈಮ್’.

ಅಗೋ, ಬ್ಯಾಕ್. ‘ಸಿನ್ಸ್ ಟೂ ಇಯರ್ಸ್ ಅಗೋ’, ‘ಸಿನ್ಸ್ ಟೂ ಇಯರ್ಸ್ ಬ್ಯಾಕ್’ ಅಂತ ಬರೆದು ಕೆಲವರು ತಪ್ಪಿನಿಂದ ಪಾರಾದೆವು ಅಂದುಕೊಳ್ಳುತ್ತಾರೆ. ‘ಅಗೋ’ ಬಂದಲ್ಲಿ ಬರೀ ಭೂತಕಾಲ ಚೆನ್ನ: ‘ಐ ಜಾಯಿನ್ಡ್ ಟೂ ಇಯರ್ಸ್ ಅಗೋ.’ ಇನ್ನೂ ಇಲ್ಲೇ ಇದ್ದೇನೆ ಅನ್ನಬೇಕಾದರೆ ‘ಫಾರ್ ಟೂ ಇಯರ್ಸ್’.

ಮಾರ್ನಿಂಗ್. ‘ಸಿನ್ಸ್ ಮಾರ್ನಿಂಗ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಪರೀಕ್ಷೆಯಲ್ಲಿ, ಹೊರದೇಶದವರ ಜೊತೆ ‘ಸಿನ್ಸ್ ದಿಸ್ ಮಾರ್ನಿಂಗ್’ ಅನ್ನಿ.

ಬಸ್ಸಿನಲ್ಲಿ ಹೋಗುವಾಗ ಅಂಗಡಿಗಳ ಬೋರ್ಡ್ ಓದುತ್ತಾ ಹೋಗಿ, ಇದು ಒಳ್ಳೆಯ ಪಾಠ. ‘ಸಿನ್ಸ್ 1962’ ಅಂತ ಇಸವಿ ಇದ್ದರೆ ಸರಿ. ‘ಸಿನ್ಸ್ 50 ಇಯರ್ಸ್’ ಅಂತ ಇದ್ದರೆ ನೋಟ್‌ಬುಕ್ಕಿನಲ್ಲಿ ತಿದ್ದಿ ಬರೆದುಕೊಳ್ಳಿ.

ಒಂದು ರಜೆ ಅರ್ಜಿಯ ರಿಪೇರಿ

ಮೊದಲ ವಾಕ್ಯಕ್ಕೆ ವಾಪಸ್ ಬರೋಣ. ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್.’ ಕನ್ನಡ: ಎರಡು ದಿನದಿಂದ ಜ್ವರ. ‘ಇಂದ’ ಹೊತ್ತಿಗೆ ಅಂಟಿದೆ. ಈಗಲೂ ಜ್ವರ ಉಂಟು. ‘ಎರಡು ದಿನ’ ಕ್ಯಾಲೆಂಡರಿನಲ್ಲಿ ಮುಟ್ಟಲು ಆಗುವುದಿಲ್ಲ, ಆದ್ದರಿಂದ ‘ಫಾರ್’. ಕೆಂಪು ಭಾಗದಲ್ಲಿ ‘ಆಮ್’ ಒಂಟಿಯಾಗಿದೆ, ಅದು ಹೋಗಬೇಕು. ಈಗ ವಾಕ್ಯ ‘ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ಟೂ ಡೇಸ್’ ಆಯಿತು. ತಾರೀಕು ಹೇಳಬೇಕಾದರೆ ‘ಸಿನ್ಸ್ ಮಂಡೇ’. ‘ಫ್ರಮ್ ಫೀವರ್’ನ ‘ಫ್ರಮ್’ ಸಮಯದ್ದಲ್ಲ, ಕಾಯಿಲೆಯದ್ದು, ಅದನ್ನು ಮುಟ್ಟಬೇಡಿ. ತಿದ್ದುವ ಭರದಲ್ಲಿ ಅದನ್ನೂ ಕಿತ್ತುಹಾಕಿದವರು ಇದ್ದಾರೆ. ನನ್ನನ್ನು ಕೇಳಿದರೆ ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಟೂ ಡೇಸ್’ ಇದಕ್ಕಿಂತ ಚಿಕ್ಕದು, ಸಹಜ ಕೂಡ.

ಅಭ್ಯಾಸಕ್ಕೆ ಆರು ವಾಕ್ಯ

ಕೆಳಗಿನ ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಮೊದಲು ನೀವೇ ಬರೆಯಿರಿ.

1. ಬೆಳಗ್ಗೆಯಿಂದ ಕರೆಂಟ್ ಇಲ್ಲ.
2. ನಾವು ಹದಿನೈದು ವರ್ಷದಿಂದ ಸುರತ್ಕಲ್‌ನಲ್ಲಿದ್ದೇವೆ.
3. ಅಪ್ಪ ಮುಂದಿನ ತಿಂಗಳಿಂದ ಕೆಲಸಕ್ಕೆ ಹೋಗುವುದಿಲ್ಲ.
4. ಮಳೆ ಶುರುವಾದಾಗಿನಿಂದ ಬಾವಿ ನೀರು ಕದಡಿದೆ.
5. ಅಕ್ಕ ಆರು ವರ್ಷ ಮಸ್ಕತ್‌ನಲ್ಲಿದ್ದಳು, ಈಗ ಊರಲ್ಲಿದ್ದಾಳೆ.
6. ಅಜ್ಜಿ ತೀರಿಕೊಂಡು ಮೂರು ವರ್ಷ ಆಯಿತು.

ಮೊದಲನೆಯದು ‘ದೇರ್ ಹ್ಯಾಸ್ ಬೀನ್ ನೋ ಪವರ್ ಸಿನ್ಸ್ ದಿಸ್ ಮಾರ್ನಿಂಗ್’. ಎರಡನೆಯದು ‘ವಿ ಹ್ಯಾವ್ ಬೀನ್ ಇನ್ ಸುರತ್ಕಲ್ ಫಾರ್ ಫಿಫ್ಟೀನ್ ಇಯರ್ಸ್’. ಇಲ್ಲಿ ‘ವಿ ಆರ್’ ಬರೆದಿದ್ದರೆ ನಾಲ್ಕನೇ ಹಂತವನ್ನು ಇನ್ನೊಮ್ಮೆ ಓದಿ. ಮೂರನೆಯದು ಮುಂದಿನ ಮಾತು, ‘ಫಾದರ್ ವಿಲ್ ನಾಟ್ ಗೋ ಟು ವರ್ಕ್ ಫ್ರಮ್ ನೆಕ್ಸ್ಟ್ ಮಂತ್’. ನಾಲ್ಕನೆಯದು ‘ದ ವೆಲ್ ವಾಟರ್ ಹ್ಯಾಸ್ ಬೀನ್ ಮಡ್ಡಿ ಸಿನ್ಸ್ ದ ರೇನ್ಸ್ ಬಿಗ್ಯಾನ್’. ಐದನೆಯದು ಮುಗಿದ ಕತೆ, ‘ಮೈ ಸಿಸ್ಟರ್ ಲಿವ್ಡ್ ಇನ್ ಮಸ್ಕತ್ ಫಾರ್ ಸಿಕ್ಸ್ ಇಯರ್ಸ್’, ‘ಹ್ಯಾಸ್’ ಹಾಕಿದರೆ ಅಕ್ಕ ಇನ್ನೂ ಮಸ್ಕತ್‌ನಲ್ಲೇ ಇರುತ್ತಾಳೆ.

ಆರನೆಯದನ್ನು ತಪ್ಪು ಮಾಡುವವರೇ ಜಾಸ್ತಿ. ಕನ್ನಡ ವಾಕ್ಯದಲ್ಲಿ ‘ಇಂದ’ ಇಲ್ಲವೇ ಇಲ್ಲ, ಹಾಗಾಗಿ ‘ಸಿನ್ಸ್’ ನೆನಪಾಗುವುದಿಲ್ಲ. ‘ಆಗಿ ಇಷ್ಟು ವರ್ಷ ಆಯಿತು’ ಅನ್ನುವ ರಚನೆ ಕಂಡಾಗ ಐದನೇ ಹಂತದ ಕೊನೆಯ ಭಾಗ ನೆನಪಿಸಿಕೊಳ್ಳಿ: ‘ಇಟ್ ಹ್ಯಾಸ್ ಬೀನ್ ತ್ರೀ ಇಯರ್ಸ್ ಸಿನ್ಸ್ ಗ್ರ್ಯಾಂಡ್‌ಮದರ್ ಡೈಡ್.’